ಎರಡನೇ ಹಾಫಿನ ಕೂದಲು

ಬೋಳು ತಲೆಗೆ ಫುಟ್‌ಬಾಲ್ ಬಡಿದರೆ ಎಂಥ ಸದ್ದು ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಹೇಳಬಲ್ಲೆ. ಕೂದಲಿರುವ ತಲೆಯದು ಮೆತ್ತಗಿನ ಸದ್ದು, ದಿಂಬಿಗೆ ಗುದ್ದಿದ ಹಾಗೆ. ಬೋಳು ತಲೆಯದು ಹಾಗಲ್ಲ. ‘ಠಪ್’ ಎಂದು ಒಂದೇ ಏಟು, ಒದ್ದೆ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬೀಸಿದಂತೆ. ೧೯೮೬ರ ಚಳಿಗಾಲದಲ್ಲಿ ಕಾಮ್ಟಿಯ ಮೈದಾನದ ಅಂಚಿಗೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತು ಆ ಸದ್ದನ್ನು ಎಷ್ಟು ಸಲ ಕೇಳಿದೆನೋ. ಆ ಏಟಿನ ಹಿಂದೆಯೇ ಸುತ್ತ ನಿಂತ ಜನ “ವಾಹ್ ಉಸ್ತಾದ್” ಅನ್ನುತ್ತಿದ್ದರು; ಚೆಂಡು ಅರ್ಧ ಮೈದಾನ ದಾಟಿ ಹೋಗಿರುತ್ತಿತ್ತು.

ಆಗ ನಾನು ನಾಗಪುರದ ಒಂದು ಕೇಶತೈಲದ ಕಂಪನಿಯಲ್ಲಿ ಪಬ್ಲಿಸಿಟಿ ಆಫೀಸರ್ ಆಗಿದ್ದೆ. ಕಂಪನಿ ಈಗಿಲ್ಲ, ಅದರ ಹೆಸರೂ ಇಲ್ಲಿ ಬೇಡ. ಆಫೀಸು ರಾಮದಾಸಪೇಠದಲ್ಲಿ, ಒಂದು ನರ್ಸಿಂಗ್ ಹೋಮಿನ ಮೇಲಿನ ಮಹಡಿ. ನಮ್ಮ ಸ್ಯಾಂಪಲ್ ಬಾಟಲಿಗಳ ಮಲ್ಲಿಗೆ ವಾಸನೆ ಕೆಳಗಿಳಿದು, ಅವರ ಡೆಟಾಲ್ ವಾಸನೆ ಮೇಲೆ ಬಂದು, ಮೆಟ್ಟಿಲ ಮೇಲೆ ಎರಡೂ ಭೇಟಿಯಾಗುತ್ತಿದ್ದವು. ಫ್ಯಾಕ್ಟರಿ ಇದ್ದದ್ದು ಕಳಮೇಶ್ವರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ನನ್ನ ಯಜಮಾನರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು. ಅವರ ವರ್ಗಾವಣೆಯ ಹಿಂದೆ ಧಾರವಾಡದಿಂದ ಬಂದವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿ ತೀಡಿದ ಇಂಗ್ಲಿಷ್ ಇತ್ತು, ಆ ಒಂದು ಅರ್ಹತೆಯ ಮೇಲೆ ಈ ಕೆಲಸ ಸಿಕ್ಕಿತು. ಪಬ್ಲಿಸಿಟಿ ಆಫೀಸರ್ ಎಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಸಿನಿಮಾ ಟಾಕೀಸಿನ ಸ್ಲೈಡು, ಹೆದ್ದಾರಿ ಬದಿಯ ಗೋಡೆ ಬರಹ, ವರ್ಷಕ್ಕೊಂದು ಕ್ಯಾಲೆಂಡರು. ಕ್ಯಾಲೆಂಡರಿನ ಹುಡುಗಿಗೆ ಎಷ್ಟು ಉದ್ದ ಜಡೆ ಇರಬೇಕು ಎಂಬುದೇ ನಮ್ಮ ಅತಿ ಗಂಭೀರ ಮೀಟಿಂಗ್.

ನನ್ನ ಮೇಲಧಿಕಾರಿ ಸೇಲ್ಸ್ ಮ್ಯಾನೇಜರ್ ಪಾಠಕ್ ಸಾಹೇಬರು. ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ; ಚುರುಕು ಮನುಷ್ಯ, ಒಂದು ಐಡಿಯಾ ತಲೆಗೆ ಹೊಕ್ಕರೆ ಊಟ ಮರೆಯುವವರು. ಆ ಬೇಸಿಗೆ ಟಿವಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ಬಂದಿತ್ತು. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡದವರೂ ನಿದ್ದೆಗೆಟ್ಟು ನೋಡಿದ್ದರು. ಅದಾದ ಮೇಲೆ ಒಂದು ದಿನ ಪಾಠಕ್ ಸಾಹೇಬರು ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಮ್ಯಾಗಜೀನ್ ಒಂದನ್ನು ನನ್ನ ಮೇಜಿನ ಮೇಲೆ ಹರಡಿದರು. ಅಲ್ಲಿನ ಕ್ಲಬ್ ಆಟಗಾರರ ಅಂಗಿಯ ಎದೆಯ ಮೇಲೆ ದೊಡ್ಡಕ್ಷರದಲ್ಲಿ ಕಂಪನಿಗಳ ಹೆಸರು.

“ಮಿಸೆಸ್ ದೇಸಾಯಿ, ನಾವು ಗೋಡೆಗೆ ಬಣ್ಣ ಬಳಿಯುತ್ತಾ ಕೂತಿದ್ದೇವೆ. ಗೋಡೆ ನಿಂತಲ್ಲೇ ನಿಂತಿರುತ್ತದೆ. ಇವು ನೋಡಿ, ಓಡುವ ಗೋಡೆಗಳು,” ಎಂದರು.

ಇದಕ್ಕೆ ಶರ್ಟ್ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ. ಕಂಪನಿ ಕ್ಲಬ್ಬಿಗೆ ಅಂಗಿ, ಬೂಟು, ಚೆಂಡು ಕೊಡಿಸುತ್ತದೆ, ಪ್ರಯಾಣದ ಖರ್ಚು ನೋಡಿಕೊಳ್ಳುತ್ತದೆ. ಬದಲಿಗೆ ಕ್ಲಬ್ಬಿನವರು ಕಂಪನಿಯ ಹೆಸರನ್ನು ಎದೆಯ ಮೇಲೆ ಹೊತ್ತು ಆಡಬೇಕು. ಈಗ ಮಕ್ಕಳಿಗೂ ಗೊತ್ತಿರುವ ಸಂಗತಿ. ನಮಗೆ ಆಗ ಹೊಸತು. ತಂಡ ಯಾವುದು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಂದೇ ಉಸಿರಿನಲ್ಲಿ ಹೇಳಿದ್ದು ಕಾಮ್ಟಿ. ನಾಗಪುರದ ಪಕ್ಕದ ಕಂಟೋನ್ಮೆಂಟ್ ಊರು. ಒಂದು ಕಡೆ ಮಿಲಿಟರಿಯವರು, ಇನ್ನೊಂದು ಕಡೆ ಕೈಮಗ್ಗದ ನೇಕಾರರು. ಅಲ್ಲಿ ಓಣಿಗೊಂದು ಫುಟ್‌ಬಾಲ್ ಕ್ಲಬ್. ನಾವು ಆರಿಸಿದ್ದು ನೇಕಾರರ ಒಂದು ಕ್ಲಬ್ಬನ್ನು. ಅಲ್ಲಿಯವರೆಗೆ ಅವರು ತಮ್ಮದೇ ಮಗ್ಗದಲ್ಲಿ ನೇಯ್ದ ಪಟ್ಟೆ ಬಟ್ಟೆಯ ಅಂಗಿ ಹೊಲಿಸಿಕೊಂಡು ಆಡುತ್ತಿದ್ದರು.

ಇತವಾರಿ ಬಜಾರಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ ನೈಲಾನ್ ಅಂಗಿಗಳನ್ನು ತಯಾರಿಸಿದೆವು. ಎದೆಯ ಮೇಲೆ ಎಣ್ಣೆಯ ಹೆಸರು, ಬೆನ್ನಿನ ಮೇಲೆ ನಂಬರಿನ ಕೆಳಗೆ ಹಿಂದಿಯಲ್ಲಿ ‘ದಟ್ಟ ಕೂದಲಿಗೆ’ ಎಂಬರ್ಥದ ಎರಡು ಶಬ್ದ. ಅಂಗಿ ಹಂಚುವ ದಿನ ಮೈದಾನದಲ್ಲಿ ಶಾಮಿಯಾನ ಹಾಕಿ ಜಿಲೇಬಿ ತರಿಸಿದ್ದೆವು. ಕ್ಯಾಪ್ಟನ್ ಹನೀಫ್ ಮುಂದೆ ಬಂದರು. ನಲವತ್ತರ ಹತ್ತಿರದ ಎತ್ತರದ ಆಳು. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು. ಹೊಸ ಅಂಗಿ ತೊಡಲು ತಲೆಯ ಮೇಲಿನ ಟೋಪಿ ತೆಗೆದರು.

ಬೋಳು ತಲೆ. ಕಿವಿಯ ಹತ್ತಿರವೂ ಒಂದು ಎಳೆ ಇರಲಿಲ್ಲ. ಡಿಸೆಂಬರಿನ ಬಿಸಿಲು ಅದರ ಮೇಲೆ ಬಿದ್ದು ಪಾಠಕ್ ಸಾಹೇಬರ ಕನ್ನಡಕಕ್ಕೆ ಹೊಡೆಯಿತು. ನಾವು ಕ್ಲಬ್ಬಿನ ಗೆಲುವು-ಸೋಲು ವಿಚಾರಿಸಿದ್ದೆವು, ಮೈದಾನಕ್ಕೆ ಎಷ್ಟು ಜನ ಬರುತ್ತಾರೆ ಎಂದು ವಿಚಾರಿಸಿದ್ದೆವು. ಕ್ಯಾಪ್ಟನ್ನನ ತಲೆ ಹೇಗಿದೆ ಎಂದು ಯಾರೂ ವಿಚಾರಿಸಿರಲಿಲ್ಲ. ಶಾಮಿಯಾನದ ಕೆಳಗೆ ಜಿಲೇಬಿ ಅಗಿಯುವವರೂ ಬಾಯಿ ನಿಲ್ಲಿಸಿದರು.

ಹನೀಫ್ ಎದೆಯ ಮೇಲಿನ ಅಕ್ಷರಗಳನ್ನು ನಿಧಾನವಾಗಿ ಓದಿದರು. ಒಮ್ಮೆ ತಲೆ ಸವರಿಕೊಂಡರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಗೋಲ್‌ಕೀಪರ್ ಸಲೀಮನನ್ನು ಕತ್ತು ಹಿಡಿದು ಮುಂದೆ ತಂದರು. ಸಲೀಮನಿಗೆ ಭುಜದವರೆಗೆ ಇಳಿಬಿದ್ದ ಗುಂಗುರು ಕೂದಲು. ಹನೀಫ್ ಆಡಿದ್ದು ಕಾಮ್ಟಿಯ ಹಿಂದಿಯಲ್ಲಿ. ನಾನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

“ಸಾಹೇಬ್, ಫೋಟೋ ಬರೋಬರ್ ತೆಗೀರಿ. ನಾನು ನಿಮ್ಮ ಎಣ್ಣೆ ಹಚ್ಚೋ ಮೊದಲು. ಇವನು ಹಚ್ಚಿದ ಮೇಲೆ.”

ಮೈದಾನಕ್ಕೆ ಮೈದಾನವೇ ನಕ್ಕಿತು. ಪಾಠಕ್ ಸಾಹೇಬರು ಮಾತ್ರ ವಾಪಸ್ ಬರುವಾಗ ಜೀಪಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು. ಹಲ್ಲಿಲ್ಲದವನ ಕೈಯಲ್ಲಿ ಟೂತ್‌ಪೇಸ್ಟ್ ಮಾರಿಸಿದಂತಾಯಿತು, ಕ್ಯಾಪ್ಟನ್ನನ್ನು ಬದಲಾಯಿಸಲು ಹೇಳಿ ಎಂದರು. ನಾನು ಒಂದು ಸೀಸನ್ ಕಾದು ನೋಡೋಣ ಎಂದೆ. ಟು ಬಿ ಫೇರ್, ಅವರು ಕಾದರು.

ಕಾದದ್ದಕ್ಕೆ ಫಲ ಸಿಕ್ಕಿತು. ಹನೀಫ್ ಆಡುತ್ತಿದ್ದದ್ದು ಸ್ಟಾಪರ್ ಜಾಗದಲ್ಲಿ, ಅಂದರೆ ಗೋಲ್‌ಕೀಪರನ ಮುಂದೆ ನಿಂತು ಎದುರಾಳಿಯ ಚೆಂಡನ್ನು ತಡೆಯುವ ಆಟಗಾರ. ಎತ್ತರದಲ್ಲಿ ಬಂದ ಯಾವ ಚೆಂಡೂ ಆ ತಲೆಯನ್ನು ದಾಟಿ ಹೋಗುತ್ತಿರಲಿಲ್ಲ. ಎದುರು ಪಕ್ಷದವರು ತಂಟೆ ತೆಗೆಯದೆ ಬಿಡುತ್ತಾರೆಯೇ? ಒಂದು ಮ್ಯಾಚಿನಲ್ಲಿ ಯಾರೋ, “ಉಸ್ತಾದ್, ಬಾಟಲಿ ಖಾಲಿ ಆಯ್ತಾ?” ಎಂದು ಕೂಗಿದರು. ಹೊರಹೋದ ಚೆಂಡನ್ನು ಒಳಗೆಸೆಯಲು ಗೆರೆಯ ಹತ್ತಿರ ಬಂದಿದ್ದ ಹನೀಫ್ ಚೆಂಡು ಹಿಡಿದುಕೊಂಡೇ ಉತ್ತರಿಸಿದರು: “ಎಲ್ಲಾ ನೆಲಕ್ಕೆ ಸುರಿದಿದ್ದೀನಿ ಭಾಯಿ, ನಿಮ್ಮ ಫಾರ್ವರ್ಡ್‌ಗಳು ಜಾರಿ ಬೀಳಲಿ ಅಂತ.” ಇಂಥ ಮಾತು ಆ ದಿನವೇ ಚಹಾ ಅಂಗಡಿಗಳಿಗೆ ಹರಡಿ, ಮರುದಿನ ಬಸ್ಸಿನಲ್ಲಿ ನಾಗಪುರಕ್ಕೆ ಬಂದು, ವಾರದೊಳಗೆ ಇನ್ನಷ್ಟು ಉಪ್ಪು-ಖಾರ ಹಚ್ಚಿಕೊಂಡು ನಮ್ಮ ಆಫೀಸಿಗೂ ತಲುಪುತ್ತಿತ್ತು. ಅವರ ತಮಾಷೆಯಲ್ಲಿ ನೋವಿನ ಲವಲೇಶವೂ ಇರಲಿಲ್ಲ. ಬೋಳು ಎನ್ನುವವರಿಗೆ ಅದೇ ಬೋಳು ತಲೆಯಿಂದ ಚೆಂಡು ಹೊಡೆದು ತೋರಿಸುತ್ತಿದ್ದರಲ್ಲ, ನೋವು ಎಲ್ಲಿಂದ ಬರಬೇಕು.

ಕೆಲವು ತಿಂಗಳಲ್ಲಿ ನಮ್ಮ ಸೇಲ್ಸ್‌ಮನ್‌ಗಳು ವಿಚಿತ್ರ ಸುದ್ದಿ ತರತೊಡಗಿದರು. ಅಂಗಡಿಗಳಲ್ಲಿ ಜನ ಎಣ್ಣೆಯ ಹೆಸರು ಹೇಳದೆ “ಆ ಉಸ್ತಾದನ ಎಣ್ಣೆ ಕೊಡಿ” ಎಂದು ಕೇಳುತ್ತಿದ್ದರಂತೆ. ಪಾಠಕ್ ಸಾಹೇಬರ ಗೊಣಗಾಟ ನಿಂತುಹೋಯಿತು. ಈಗ ಅವರೇ ಎಲ್ಲರಿಗೂ ಬೋಳು ಕ್ಯಾಪ್ಟನ್ ತಮ್ಮ ಐಡಿಯಾ ಎಂಬಂತೆ ಹೇಳುತ್ತಿದ್ದರು.

ಆ ಹೊತ್ತಿಗೆ ಹನೀಫ್ ನನ್ನನ್ನು ‘ಬಾಜಿ’ ಎನ್ನಲು ಶುರುಮಾಡಿದ್ದರು. ಅವರ ಕಡೆ ಅಕ್ಕನನ್ನು ಹಾಗೆ ಕರೆಯುತ್ತಾರೆ. ಒಮ್ಮೆ ಅವರ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಎರಡು ಮಗ್ಗ. ಒಂದರ ಮೇಲೆ ಅರ್ಧ ನೇಯ್ದ ಸೀರೆ, ಇನ್ನೊಂದರ ಮೇಲೆ ಮಕ್ಕಳ ಪಾಟಿಚೀಲ, ಒಗೆದ ಬಟ್ಟೆ. ಪವರ್‌ಲೂಮ್ ಸೀರೆಯ ಮುಂದೆ ಕೈಮಗ್ಗದ ಸೀರೆಯನ್ನು ಯಾರೂ ಮುಟ್ಟದ ಕಾಲ ಬಂದಿತ್ತು. ಅವರ ಹೆಂಡತಿ ಚಹಾ ತಂದಿಟ್ಟು, ಗಂಡನ ಎದುರಿಗೇ ನನ್ನನ್ನು ಕೇಳಿದರು: ಊರಿಗೆಲ್ಲ ಎಣ್ಣೆ ಮಾರಿಕೊಟ್ಟವರಿಗೆ ಆ ಎಣ್ಣೆಯ ಫ್ಯಾಕ್ಟರಿಯಲ್ಲಿ ಒಂದು ನೌಕರಿ ಇಲ್ಲವೇ? ಹನೀಫ್ ಹೆಂಡತಿಯನ್ನು ತಡೆಯಲಿಲ್ಲ. ಸುಮ್ಮನೆ ಚಹಾದ ಬಸಿ ತಿರುಗಿಸುತ್ತಾ ಕೂತರು. ಅವರು ತಮಾಷೆ ಮಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಳಮೇಶ್ವರದ ಫ್ಯಾಕ್ಟರಿಯಲ್ಲಿ ಪರ್ಸನೆಲ್ ಆಫೀಸರ್ ಆಗಿದ್ದವರು ಹುಬ್ಬಳ್ಳಿ ಕಡೆಯ, ಅಂಗಡಿ ಎಂಬ ಅಡ್ಡಹೆಸರಿನವರು. ಕನ್ನಡ ಮಾತಾಡಲು ನನಗಿದ್ದ ಒಬ್ಬರೇ ಸಹೋದ್ಯೋಗಿ. ಫೋನ್ ಮಾಡಿ ವಿಚಾರಿಸಿದೆ.

“ಅಕ್ಕಾರ, ಪ್ಯಾಕಿಂಗ್ ಸೆಕ್ಷನ್ನಾಗ ಒಂದು ಪರ್ಮನೆಂಟ್ ಜಾಗಾ ಖಾಲಿ ಐತ್ರಿ,” ಎಂದರು. “ಆದ್ರ ಪಾಠಕ್ ಸಾಹೇಬ್ರ ಮಾತು ಬೇಕು. ಜಲ್ದಿ ಮಾಡ್ರಿ, ಇಲ್ಲಾಂದ್ರ ಅವರ ಮಾವನ ಕಡೆಯವರು ಯಾರರ ಬಂದು ಕುಂದರ್ತಾರ.”

ಪರ್ಮನೆಂಟ್ ಎಂಬ ಶಬ್ದದ ಬೆಲೆ ಈಗಿನವರಿಗೆ ತಿಳಿಯುವುದು ಕಷ್ಟ. ತಿಂಗಳು ತಿಂಗಳು ಸಂಬಳ, ಪ್ರಾವಿಡೆಂಟ್ ಫಂಡು, ಕಾಯಿಲೆ ಬಿದ್ದರೆ ಆಸ್ಪತ್ರೆ, ಯಾರದೋ ಸಿಟ್ಟಿಗೆ ಕಿತ್ತುಹಾಕಲಾಗದ ಭದ್ರತೆ. ಮಗ್ಗ ನಿಂತ ಮನೆಯಲ್ಲಿ ಆ ಒಂದು ಶಬ್ದಕ್ಕೆ ದೀಪ ಹಚ್ಚುತ್ತಿದ್ದರು.

ಹನೀಫರನ್ನು ಆಫೀಸಿಗೆ ಕರೆಸಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೋಪಿ ಕೈಯಲ್ಲಿ ಹಿಡಿದು ಬಂದರು. ಪಾಠಕ್ ಸಾಹೇಬರು ಬಹಳ ಖುಷಿಯಲ್ಲಿದ್ದರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ನೌಕರಿಯ ಮಾತು ಬಂದಾಗ, ಕೊಡೋಣ, ಆದರೆ ಕಂಪನಿಗೆ ಇನ್ನೇನಾದರೂ ಹೊಸದು ಮಾಡಿಕೊಡಿ ಎಂದರು. ನೆನಪಿಡಿ, ಅದನ್ನು ಅವರು ಶರತ್ತಿನಂತೆ ಹೇಳಲಿಲ್ಲ, ನಗುತ್ತಲೇ ಹೇಳಿದರು. ಹನೀಫ್ ಕೂಡ ನಗುತ್ತಲೇ ಉತ್ತರಿಸಿದರು.

“ಏನು ದೊಡ್ಡ ಮಾತು ಸಾಹೇಬ್. ಫಸ್ಟ್ ಹಾಫ್ ಹೀಗೇ ಆಡ್ತೀನಿ. ಇಂಟರ್‌ವಲ್‌ನಲ್ಲಿ ಬಾಜಿ ನನ್ನ ತಲೆಗೆ ನಿಮ್ಮ ಎಣ್ಣೆ ತಿಕ್ಕಲಿ. ಸೆಕೆಂಡ್ ಹಾಫ್‌ಗೆ ತಲೆ ತುಂಬಾ ಕೂದಲು ಬಿಟ್ಟುಕೊಂಡು ಬರ್ತೀನಿ.”

ಎಲ್ಲರೂ ನಕ್ಕೆವು. ಚಹಾ ತಂದಿದ್ದ ಪ್ಯೂನ್ ಕೂಡ ಬಾಗಿಲಿಗೆ ಒರಗಿ ನಕ್ಕ. ಎಲ್ಲರಿಗಿಂತ ಹೆಚ್ಚು ನಕ್ಕವರು ಪಾಠಕ್ ಸಾಹೇಬರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕಪ್ಪು ಕೆಳಗಿಟ್ಟು ನನ್ನತ್ತ ತಿರುಗಿದರು.

“ಮಿಸೆಸ್ ದೇಸಾಯಿ, ವಿಗ್ ಎಲ್ಲಿ ಸಿಗುತ್ತದೆ?”

ಹನೀಫ್ ಇನ್ನೂ ನಗುತ್ತಿದ್ದರು. ತಾವೊಬ್ಬರೇ ನಗುತ್ತಿದ್ದೇವೆ ಎಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅದೇ ವಾರ ಎಲ್ಲವೂ ನಿಗದಿಯಾಯಿತು. ನಾಗಪುರ ಪೇಟೆಯ ಒಂದು ಹಳೆಯ ಕ್ಲಬ್ಬಿನೊಂದಿಗೆ ಎಕ್ಸಿಬಿಷನ್ ಮ್ಯಾಚ್. ಎಕ್ಸಿಬಿಷನ್ ಎಂದರೆ ಕಪ್ಪಿಲ್ಲ, ಪಾಯಿಂಟಿಲ್ಲ. ಜನರ ಮನರಂಜನೆಗೆ ಆಡುವ ಆಟ. ಹಾಗಾಗಿ ರೆಫರಿಯೂ ವಿಗ್ಗಿಗೆ ಆಕ್ಷೇಪಿಸಲಿಲ್ಲ. ಅದು ಮುಗಿದ ಮರುದಿನ ಹನೀಫರ ಅಪಾಯಿಂಟ್‌ಮೆಂಟ್ ಎಂದು ಪಾಠಕ್ ಸಾಹೇಬರು ಮಾತು ಕೊಟ್ಟರು. “ಇದು ಬರೀ ಫ್ರೆಂಡ್ಲಿ, ಯಾರ ಗಂಟು ಏನು ಹೋಗುತ್ತದೆ?” ಎಂದು ಎಲ್ಲರಿಗೂ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಮಹಾಲ್ ಬಡಾವಣೆಯ ಕಡೆ ನಾಟಕದ ಕಂಪನಿಗಳಿಗೆ ವೇಷಭೂಷಣ ಒದಗಿಸುವ ಒಬ್ಬರಿದ್ದರು. ಅವರ ಹತ್ತಿರ ವಿಗ್ ಕೇಳಲು ಹೋದರೆ, ಪಾತ್ರ ಯಾವುದು, ರಾಜನದೋ ಪ್ರೇಮಿಯದೋ ಎಂದು ವಿಚಾರಿಸಿದರು. ಸ್ಟಾಪರ್ ಎಂದೆ. ಅಂಥ ಪಾತ್ರ ಯಾವ ನಾಟಕದಲ್ಲೂ ಬರುವುದಿಲ್ಲವಲ್ಲ ಎಂದು ತಲೆ ಕೆರೆದುಕೊಂಡು ಪ್ರೇಮಿಯದನ್ನೇ ಕೊಟ್ಟರು. ಅಂಟಿಸಲು ಒಂದು ಸೀಸೆ ಸ್ಪಿರಿಟ್ ಗಮ್. ಮನೆಗೆ ಬಂದು ಯಜಮಾನರಿಗೆ ಇದನ್ನೆಲ್ಲ ಹೇಳಿ ಹೊಟ್ಟೆ ಹಿಡಿದು ನಕ್ಕಿದ್ದೆ.

ಎರಡು ದಿನದ ಮೇಲೆ ಸಲೀಮ್ ಒಬ್ಬನೇ ಆಫೀಸಿಗೆ ಬಂದ. ಕುಳಿತುಕೊಳ್ಳಲಿಲ್ಲ.

“ಮ್ಯಾಡಮ್, ಆ ಕ್ಲಬ್ಬಿನ ಎದುರು ನಮ್ಮ ಅಬ್ಬಾ ಆಡಿದ್ದರು, ಅವರ ಅಬ್ಬಾನೂ ಆಡಿದ್ದರು. ಅವರ ಜೊತೆ ಫ್ರೆಂಡ್ಲಿ ಅನ್ನೋದು ಇಲ್ಲ. ಕಾರ್ನರ್ ಕಿಕ್ ಬಂದಾಗ ನಾನು ಗೋಲ್ ಗೆರೆ ಬಿಟ್ಟು ಮುಂದೆ ಬರಲ್ಲ. ಯಾಕೆ ಗೊತ್ತಾ? ಮುಂದೆ ಉಸ್ತಾದ್ ತಲೆ ಇರುತ್ತೆ. ಈಗ ಆ ತಲೆ ಮೇಲೆ ನೀವು ಏನೋ ಅಂಟಿಸ್ತಿದ್ದೀರಿ.”

ಅವನ ಮಾತನ್ನು ಪಾಠಕ್ ಸಾಹೇಬರಿಗೆ ಹೇಳಿದೆ. ಗೋಲ್‌ಕೀಪರನಿಗೆ ತನ್ನ ಕೂದಲಿನ ಫೋಟೋ ಬರಲಿಲ್ಲ ಎಂಬ ಹೊಟ್ಟೆಕಿಚ್ಚು ಎಂದು ತಳ್ಳಿಹಾಕಿದರು. ಹನೀಫರ ಮನೆಗೆ ಹೋಗಿ ಅವರಿಗೂ ಹೇಳಿದೆ, ಬೇಡವೆನ್ನಿಸಿದರೆ ಈಗಲೇ ಬಿಟ್ಟುಬಿಡೋಣ ಎಂದೆ. ಅವರು ಮಗ್ಗದ ಮೇಲಿದ್ದ ಮಕ್ಕಳ ಪಾಟಿಚೀಲ ಒಂದನ್ನು ಸರಿಸಿ ಕೂತು, “ಸಲೀಮ್ ಇನ್ನೂ ಮಗು ಬಾಜಿ. ಸೆಕೆಂಡ್ ಹಾಫ್ ಶುರುವಿಗೆ ಸ್ವಲ್ಪ ಹೊತ್ತು ಹಾಕ್ಕೊಂಡು ಜನರನ್ನ ನಗಿಸಿ ತೆಗೆದುಬಿಡ್ತೀನಿ. ಆಟದ ಒಳಗೆ ಬರೋಕೆ ಬಿಡಲ್ಲ,” ಎಂದರು. ಹಾಗೇ ಆಗಲಿ ಎಂದು ಎಲ್ಲರೂ ಒಪ್ಪಿಕೊಂಡೆವು.

ಮ್ಯಾಚಿನ ದಿನ ಕಾಮ್ಟಿಯಿಂದ ನಾಗಪುರದ ಮೈದಾನಕ್ಕೆ ಲಾರಿಗಳಲ್ಲಿ ಜನ ಬಂದರು. ಮುದುಕರು, ಮಗ್ಗ ನಿಲ್ಲಿಸಿ ಬಂದವರು, ಸ್ಕೂಲು ಬಿಟ್ಟು ಬಂದ ಮಕ್ಕಳು. ಫ್ರೆಂಡ್ಲಿಗೆ ಇಷ್ಟು ಜನರೇ ಎಂದು ಪಾಠಕ್ ಸಾಹೇಬರು ಹಿಗ್ಗಿದರು. ನಾನು ಆ ಜನರ ಮುಖ ನೋಡಿದೆ. ಯಾರೂ ಮನರಂಜನೆಗೆ ಬಂದವರ ಹಾಗೆ ಕಾಣಲಿಲ್ಲ. ಫಸ್ಟ್ ಹಾಫ್ ಜಿದ್ದಾಜಿದ್ದಿ. ಎರಡೂ ಕಡೆ ಗೋಲಿಲ್ಲ. ಪೇಟೆಯವರು ಎತ್ತರಕ್ಕೆ ಹೊಡೆದ ಚೆಂಡುಗಳನ್ನೆಲ್ಲ ಹನೀಫ್ ತಲೆಯಿಂದ ವಾಪಸ್ ಕಳಿಸಿದರು.

ಇಂಟರ್‌ವಲ್‌ನಲ್ಲಿ ನಮ್ಮ ಟೆಂಟಿನ ಹಿಂದೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಬೆವರೊರೆಸಿ, ಗೋಂದು ಹಚ್ಚಿ ವಿಗ್ ಕೂರಿಸಿದೆವು. ನಾನು ಕನ್ನಡಿ ಹಿಡಿದಿದ್ದೆ. “ನನ್ನ ನಿಕಾಹ್ ದಿನವೂ ಇಷ್ಟು ಸಿಂಗಾರ ಆಗಿರಲಿಲ್ಲ ಬಾಜಿ,” ಎಂದರು. ಆ ಕೂದಲಿನಲ್ಲಿ ಅವರು ಹತ್ತು ವರ್ಷ ಚಿಕ್ಕವರಾಗಿ, ಯಾರೋ ಬೇರೆಯವರಾಗಿ ಕಂಡರು.

ಮೈದಾನಕ್ಕೆ ಇಳಿದಾಗ ಎದ್ದ ನಗುವನ್ನು ನಾನು ವರ್ಣಿಸಲಾರೆ. ಪೇಟೆಯವರು, ಕಾಮ್ಟಿಯವರು, ರೆಫರಿ, ಎಲ್ಲರೂ. ಹನೀಫ್ ಜೇಬಿನಿಂದ ಬಾಚಣಿಗೆ ತೆಗೆದು ಬೈತಲೆ ಬಾಚಿಕೊಂಡರು. ಫೋಟೋಗ್ರಾಫರ್ ಗೆರೆಯುದ್ದಕ್ಕೂ ಓಡಾಡಿದ. ಆಟ ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಹನೀಫ್ ನಮ್ಮ ಟೆಂಟಿನ ಕಡೆ ತಿರುಗಿ, ತೆಗೆಯಲೇ ಎಂದು ತಲೆ ತೋರಿಸಿ ಕೇಳಿದರು. ಫೋಟೋಗ್ರಾಫರ್ ಆಗಷ್ಟೇ ರೋಲ್ ಬದಲಾಯಿಸುತ್ತಾ ಕೂತಿದ್ದ. ಪಾಠಕ್ ಸಾಹೇಬರು ಕೈ ಎತ್ತಿ, ತಡೆಯಿರಿ, ಇನ್ನೊಂದೇ ನಿಮಿಷ ಎಂದು ಸನ್ನೆ ಮಾಡಿದರು. ಹನೀಫ್ ತಲೆಯಾಡಿಸಿ ತಮ್ಮ ಜಾಗಕ್ಕೆ ಹಿಂತಿರುಗಿದರು.

ಆ ಒಂದು ನಿಮಿಷದಲ್ಲಿ ಪೇಟೆಯವರಿಗೆ ಕಾರ್ನರ್ ಸಿಕ್ಕಿತು. ಕಾರ್ನರ್ ಎಂದರೆ ಮೈದಾನದ ಮೂಲೆಯಿಂದ ಗೋಲಿನ ಮುಂದಕ್ಕೆ ಎತ್ತರಿಸಿ ಹೊಡೆಯುವ ಚೆಂಡು. ನಮ್ಮ ಟೆಂಟು ಅದೇ ಗೋಲಿನ ಪಕ್ಕಕ್ಕಿತ್ತು, ಹಾಗಾಗಿ ಎಲ್ಲವನ್ನೂ ಹತ್ತಿರದಿಂದ ಕಂಡೆ. ಚೆಂಡು ತಿರುಗುತ್ತಾ ಬಂತು. ಸಲೀಮ್ ಗೆರೆಯ ಮೇಲೆಯೇ ನಿಂತ, ಯಾವಾಗಲೂ ನಿಲ್ಲುವ ಹಾಗೆ. ಹನೀಫ್ ಮೊಣಕಾಲು ಬಗ್ಗಿಸಿ ನೆಗೆಯಲು ಸಿದ್ಧರಾದರು. ಅಷ್ಟರಲ್ಲಿ ಅವರ ಬಲಗೈ ತಲೆಗೆ ಹೋಯಿತು. ಬೇಕೆಂದು ಮಾಡಿದ್ದಲ್ಲ. ಗಾಳಿಗೆ ಸೆರಗು ಹಾರಿದರೆ ನಮ್ಮ ಕೈ ತಾನಾಗಿಯೇ ಹೋಗುವುದಿಲ್ಲವೇ, ಹಾಗೆ. ಬೆವರಿಗೆ ಗೋಂದು ಸಡಿಲಾಗಿ ವಿಗ್ ಕದಲಿರಬೇಕು. ಅದನ್ನು ಹಿಡಿದುಕೊಂಡರು, ಕಾಲು ನೆಲ ಬಿಡಲಿಲ್ಲ. ಚೆಂಡು ಅವರ ಬೆರಳ ಮೇಲಿಂದ ದಾಟಿ ಹೋಯಿತು. ಹಿಂದೆ ನಿಂತಿದ್ದ ಪೇಟೆಯ ಆಟಗಾರ ಕಾಲು ಚಾಚಿದ. ಗೋಲ್.

ಅರ್ಧ ಮೈದಾನ ನಗುತ್ತಲೇ ಇತ್ತು. ಇನ್ನರ್ಧದಲ್ಲಿ ಒಂದು ಉಸಿರೂ ಕೇಳಿಸಲಿಲ್ಲ. ಸಲೀಮ್ ಬಲೆಯೊಳಗಿಂದ ಚೆಂಡು ತೆಗೆದುಕೊಂಡು ಬಂದು ಹನೀಫರ ಎದುರು ನಿಂತ. ಕೂಗಾಡಲಿಲ್ಲ.

“ಉಸ್ತಾದ್,” ಎಂದ, “ಆ ತಲೆ ನಮ್ಮದಾಗಿತ್ತು.”

ಹನೀಫ್ ವಿಗ್ಗನ್ನು ಕಿತ್ತು ಗೆರೆಯಾಚೆ ಎಸೆದರು. ಹಣೆಯ ಮೇಲೆ ಗೋಂದು ಕಿತ್ತುಬಂದ ಕೆಂಪು ಗೆರೆ. ಆಮೇಲೆ ಹುಚ್ಚು ಹಿಡಿದವರಂತೆ ಆಡಿದರು, ತಮ್ಮ ಜಾಗ ಬಿಟ್ಟು ಮುಂದೆ ಹೋಗಿ ಗೋಲಿಗೆ ಪ್ರಯತ್ನಿಸಿದರು. ಆಗಲಿಲ್ಲ. ಆ ಒಂದು ಗೋಲಿಗೇ ಸೋತರು. ಕಾಮ್ಟಿಯ ಜನ ಬೈಯುತ್ತಾರೆ, ಕಲ್ಲು ತೂರುತ್ತಾರೆ ಎಂದು ನಾನು ಹೆದರಿದ್ದೆ. ಅವರು ಏನೂ ಮಾಡಲಿಲ್ಲ. ಹನೀಫ್ ನಡೆದು ಬರುವಾಗ ದಾರಿ ಬಿಟ್ಟು ನಿಂತರು, ಯಾರೂ ಅವರ ಬೆನ್ನು ತಟ್ಟಲಿಲ್ಲ, ಯಾರೂ ಹೆಸರು ಹಿಡಿದು ಕರೆಯಲಿಲ್ಲ.

ಕಂಪನಿ ಮಾತು ತಪ್ಪಲಿಲ್ಲ ಎಂಬುದನ್ನು ಹೇಳಲೇಬೇಕು. ಮರುದಿನವೇ ಹನೀಫ್ ಕಳಮೇಶ್ವರದಲ್ಲಿ ಪರ್ಮನೆಂಟ್ ನೌಕರರಾದರು. ಮಕ್ಕಳು ಶಾಲೆ ಬಿಡಲಿಲ್ಲ, ಮನೆಯಲ್ಲಿ ಒಲೆ ಆರಲಿಲ್ಲ. ಅವರ ಹೆಂಡತಿ ನನಗೊಂದು ಕೈಮಗ್ಗದ ಸೀರೆ ಕಳಿಸಿದರು, ಆ ಮಗ್ಗದ ಕೊನೆಯ ಸೀರೆ. ಅದನ್ನು ಉಡಲು ನನಗೆ ಮನಸ್ಸು ಬರಲಿಲ್ಲ. ಹೊಸ ರೋಲಿನಲ್ಲಿ, ಚೆಂಡು ಮೇಲೆ ಹಾರುತ್ತಿರುವಾಗ ವಿಗ್ ಹಿಡಿದುಕೊಂಡು ನಿಂತ ಹನೀಫರ ಫೋಟೋ ಅದ್ಭುತವಾಗಿ ಬಂದಿತ್ತು. ಪಾಠಕ್ ಸಾಹೇಬರು ಅದನ್ನು ಕ್ಯಾಲೆಂಡರಿಗೆ ಹಾಕಬೇಕೆಂದರು. ಮಿಸ್ಟರ್ ಅಂಗಡಿಯೂ ನಾನೂ ಸೇರಿ ಜಗಳವಾಡಿ ಕ್ಯಾಲೆಂಡರ್ ತಪ್ಪಿಸಿದೆವು, ಅಂಗಡಿಗಳಲ್ಲಿ ಹಚ್ಚುವ ಪೋಸ್ಟರನ್ನು ತಪ್ಪಿಸಲಾಗಲಿಲ್ಲ. ಎಣ್ಣೆ ಚೆನ್ನಾಗಿ ಮಾರಾಟವಾಯಿತು. ಮುಂದಿನ ಸೀಸನ್ನಿಗೆ ನೇಕಾರರ ಕ್ಲಬ್ಬು ನಮ್ಮ ನೈಲಾನ್ ಅಂಗಿಗಳನ್ನು ಒಗೆದು ಮಡಿಸಿ ವಾಪಸ್ ಕಳಿಸಿ, ತನ್ನ ಹಳೆಯ ಪಟ್ಟೆ ಬಟ್ಟೆಗೆ ಮರಳಿತು. ಹನೀಫ್ ಆ ತಂಡದಲ್ಲಿರಲಿಲ್ಲ. ಯಾರೂ ತೆಗೆದುಹಾಕಿರಲಿಲ್ಲ, ಅವರೇ ಹೋಗಲಿಲ್ಲ.

ಫ್ಯಾಕ್ಟರಿಯಲ್ಲಿ ಹೇಗಿದ್ದಾರೆ ಎಂದು ಮಿಸ್ಟರ್ ಅಂಗಡಿಯವರನ್ನು ಆಗಾಗ ಕೇಳುತ್ತಿದ್ದೆ. ಕೆಲಸದಲ್ಲಿ ಒಂದು ತಪ್ಪಿಲ್ಲ ಎನ್ನುತ್ತಿದ್ದರು. ಒಂದು ಸಲ ಮಾತ್ರ ಹೇಳಿದರು: “ಅಕ್ಕಾರ, ನೀವು ಹೇಳತಿದ್ರಲ್ಲ, ಭಾಳ ನಗಸ್ತಾನು ಅಂತ. ಆ ಮನಷ್ಯಾ ಇವನ ಏನ್ರಿ? ಪ್ಯಾಕಿಂಗಿನ ಹುಡುಗ್ರು ಬೋಳ ಅಂದು ಚಾಷ್ಟಿ ಮಾಡಿದ್ರ ತಲಿ ಕೆಳಗ ಹಾಕ್ಕೊಂಡು ಎದ್ದು ಹೋಗ್ತಾನ್ರಿ.”

ಜಾಹೀರಾತಿನ ಕೆಲಸದಲ್ಲಿ ಆಮೇಲೆಯೂ ಬಹಳ ವರ್ಷ ಕಳೆದೆ, ಪುಣೆಯಲ್ಲಿ, ಬೆಂಗಳೂರಿನಲ್ಲಿ. ನನ್ನ ಕೈಕೆಳಗೆ ಬಂದ ಜೂನಿಯರ್‌ಗಳಿಗೆ ಲೇಔಟ್, ಕಾಪಿ, ಬಜೆಟ್ ಎಲ್ಲವನ್ನೂ ಕಲಿಸಿದೆ. ಅವುಗಳ ಜೊತೆಗೆ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆ: ಒಬ್ಬ ಮನುಷ್ಯ ತನ್ನ ಮೇಲೆ ತಾನೇ ಮಾಡಿಕೊಳ್ಳುವ ತಮಾಷೆ ಅವನ ಸ್ವಂತ ಆಸ್ತಿ. ಅದನ್ನು ಕೇಳಿ ನಗಬಹುದು. ಆದರೆ ಅದನ್ನು ಅವನ ಕೈಯಿಂದ ತೆಗೆದುಕೊಂಡು ಅಚ್ಚು ಹಾಕಿದರೆ ಮತ್ತೆ ಅವನಿಗೆ ಹಿಂದಿರುಗಿಸಲು ಬರುವುದಿಲ್ಲ. ಹುಡುಗರು ತಲೆಯಾಡಿಸುತ್ತಿದ್ದರು. ಅರ್ಥವಾಯಿತೋ ಇಲ್ಲವೋ, ಐ ನೆವರ್ ನ್ಯೂ.

ಹನೀಫರನ್ನು ನಾನು ಕೊನೆಯ ಸಲ ನೋಡಿದ್ದು ೧೯೮೯ರಲ್ಲಿ, ಯಜಮಾನರಿಗೆ ಪುಣೆಗೆ ವರ್ಗವಾಗಿ ಮನೆ ಸಾಮಾನು ಕಟ್ಟುತ್ತಿದ್ದ ದಿನಗಳಲ್ಲಿ. ಏನೋ ಖರೀದಿಗೆಂದು ಸೀತಾಬರ್ಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹೊರಗೆ, ಕಳಮೇಶ್ವರದ ಬಸ್ಸು ನಿಲ್ಲುವ ಕಡೆ, ಹನೀಫ್ ಊಟದ ಡಬ್ಬಿ ಹಿಡಿದು ನಿಂತಿದ್ದರು. ಫ್ಯಾಕ್ಟರಿಯ ಖಾಕಿ ಅಂಗಿ, ತಲೆಯ ಮೇಲೆ ಕಿವಿಯವರೆಗೆ ಎಳೆದ ಟೋಪಿ. ಮಾತಾಡಿಸಿದೆ. ಮಕ್ಕಳ ಓದು, ಹೆಂಡತಿಯ ಆರೋಗ್ಯ, ನಮ್ಮ ಪುಣೆಯ ಮನೆ, ಎಲ್ಲವನ್ನೂ ವಿಚಾರಿಸಿಕೊಂಡೆವು. ಅಷ್ಟರಲ್ಲಿ ಕಾಮ್ಟಿಯ ಕಡೆಯಿಂದ ಒಂದು ಲಾರಿ ಬಂತು. ಡೋಲು, ಬಾವುಟ, ಪಟ್ಟೆ ಅಂಗಿಯ ಹುಡುಗರು. ಆ ಮಧ್ಯಾಹ್ನ ನಾಗಪುರದಲ್ಲಿ ಅವರ ಮ್ಯಾಚ್ ಇತ್ತು. ಲಾರಿಯ ಮೇಲಿನಿಂದ ಯಾರೋ “ಉಸ್ತಾದ್, ಬನ್ನಿ” ಎಂದು ಕೈ ಚಾಚಿ ಕರೆದರು. ಹನೀಫ್ ಊಟದ ಡಬ್ಬಿ ಎತ್ತಿ ತೋರಿಸಿದರು. ಲಾರಿ ಮುಂದೆ ಹೋಯಿತು.

“ಓವರ್‌ಟೈಮ್ ಬಾಜಿ,” ಎಂದರು ನನಗೆ. “ಮ್ಯಾಚ್ ಇದ್ದ ದಿನವೇ ಬಂದುಬಿಡುತ್ತೆ.”

ಅಂದು ಭಾನುವಾರ. ಭಾನುವಾರ ಫ್ಯಾಕ್ಟರಿಗೆ ವಾರದ ರಜೆ, ಗೇಟಿಗೆ ಬೀಗ. ನಾನು ಅದೇ ಕಂಪನಿಯವಳು ಎಂಬುದು ಅವರಿಗೆ ಮರೆತಿರಲಾರದು. ಹೌದಾ, ಹುಷಾರಾಗಿ ಹೋಗಿ ಬನ್ನಿ ಎಂದೆ. ಬಸ್ಸು ಬಂತು. ಅವರು ಹತ್ತಿ, ಖಾಲಿ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.